ಯಾರ ಹಂಗೂ ಬೇಡದ ಮನೆ

ಹೆಸ್ಕಾಂ ತಂತಿ ಬೇಡ, ಪಂಚಾಯತಿಯ ನಲ್ಲಿ ಬೇಡ, ಪೇಟೆಯ ತರಕಾರಿಯೂ ಬೇಡ. ನಮ್ಮ ಮಳೆ, ನಮ್ಮ ಬಿಸಿಲು, ನಮ್ಮ ಹಿತ್ತಿಲು ನಮಗೆ ಸಾಕು ಎನ್ನುವಂಥ ಮನೆಯೊಂದನ್ನು ಕಟ್ಟುವ ಕನಸು ನಿಮಗೂ ಬಿದ್ದಿರಬಹುದು. ಬೆಳಕೆಯ ನಮ್ಮ ಜಾಗಕ್ಕೆಂದು ಅದರ ನಕ್ಷೆಯನ್ನು ನಾನು ಹಲವು ಸಲ ಗೀಚಿದ್ದೇನೆ.

ಇದು ಬರಿಯ ಹಗಲುಗನಸಲ್ಲ. ಬೆಂಗಳೂರಿನ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1995ರಲ್ಲಿ ಕಟ್ಟಿದ ಮನೆ ನಗರದ ನೀರಿನ ಸಂಪರ್ಕವಿಲ್ಲದೆ ಮಳೆನೀರಿನಿಂದಲೇ ನಡೆದುಬಂದಿದೆ. ಎರಡು ಒಳ್ಳೆಯ ಮಳೆಗಳ ನಡುವೆ ಸುಮಾರು 100 ದಿನಗಳಿಗಿಂತ ಹೆಚ್ಚಿನ ಅಂತರವಿಲ್ಲವೆಂದು ಲೆಕ್ಕ ಹಾಕಿ, ಅಷ್ಟಕ್ಕೆ ಸಾಲುವ ತೊಟ್ಟಿಗಳನ್ನು ಅವರು ಕಟ್ಟಿಸಿದರು. ನಮ್ಮ ಕರಾವಳಿಯ ಮಳೆ ಬೆಂಗಳೂರಿನ ಮೂರು ಪಟ್ಟು. ವರ್ಷಕ್ಕೆ 3,000 ಮಿಲಿಮೀಟರ್ ಎಂದರೂ 100 ಚದರ ಮೀಟರಿನ ಮಾಡಿನ ಮೇಲೆ 3 ಲಕ್ಷ ಲೀಟರ್ ಬೀಳುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಡಿಸೆಂಬರಿನಿಂದ ಮೇ ಕೊನೆಯವರೆಗೆ ದಿನಕ್ಕೆ 400 ಲೀಟರಿನಂತೆ 70 ಸಾವಿರ ಲೀಟರಿಗೂ ಮೀರಿದ ಸಂಗ್ರಹ ಬೇಕು. ಸೂರ್ಯನ ಕಥೆ ಇದಕ್ಕೆ ತದ್ವಿರುದ್ಧ. ಆಷಾಢದ ಮೋಡದಡಿ ಸೌರಫಲಕ ಸೊರಗುತ್ತದೆ. ನೀರಿದ್ದಾಗ ಬಿಸಿಲಿಲ್ಲ, ಬಿಸಿಲಿದ್ದಾಗ ನೀರಿಲ್ಲ. ಹಣವಿದ್ದವರಿಗೆ ಇದಕ್ಕೆ ಪರಿಹಾರ ಉಂಟು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ.

ಯಾರ ಹಂಗೂ ಬೇಡವೆನ್ನುತ್ತೇವಲ್ಲ, ಇದುವರೆಗೆ ಯಾರ ಹಂಗಿನಲ್ಲಿದ್ದೆವು? ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದಾಗ ಊರಿಗೆ ಊರೇ ನೀರಿನಡಿ ಸೇರಿದವು. ನಾಡಿಗೆ ದೀಪ ಬರಲೆಂದು ಮನೆ ಬಿಟ್ಟವರ ಮುಖವನ್ನು ನಾವು ಕಂಡಿಲ್ಲ. ತಂತಿ ಕತ್ತರಿಸಿದರೆ ಆ ಋಣ ತೀರುವುದೇ? ಇನ್ನು ಮುಂದೆ ಋಣ ಬೆಳೆಸುವುದಿಲ್ಲ ಎನ್ನಬಹುದು. ಅದೂ ಸಣ್ಣ ಮಾತಲ್ಲ.

ನನ್ನ ಬಾಲ್ಯದಲ್ಲಿ ಮೇ ತಿಂಗಳು ಬಂತೆಂದರೆ ನಮ್ಮ ಬಾವಿಗೆ ನಾಲ್ಕು ಮನೆಯವರು ಕೊಡ ಹಿಡಿದು ಬರುತ್ತಿದ್ದರು. ತಳ ಕಾಣತೊಡಗಿದಾಗ ಅಮ್ಮ ಗೊಣಗಿದ್ದುಂಟು, ಆದರೆ ಹಗ್ಗವನ್ನು ಎಂದೂ ಒಳಗೆ ತೆಗೆದಿಡಲಿಲ್ಲ. ಅಪ್ಪ ತೀರಿಕೊಂಡ ಮಳೆಗಾಲದ ರಾತ್ರಿ ಲಾಟೀನು ಹಿಡಿದು ಮೊದಲು ಅಂಗಳಕ್ಕೆ ಬಂದವರು ಅವರೇ. ನನ್ನ ನಕ್ಷೆಯಲ್ಲಿಯೋ ತೊಟ್ಟಿ ನೆಲದಡಿಯಲ್ಲಿದೆ, ಮುಚ್ಚಳಕ್ಕೆ ಬೀಗವಿದೆ. ಬೀಗವನ್ನು ಬರೆದದ್ದು ನನಗೇ ನೆನಪಿರಲಿಲ್ಲ.

ಯಕೋಬನ ಬಾವಿಯ ಬಳಿ ದಣಿದು ಕುಳಿತ ಯೇಸುಸ್ವಾಮಿಯ ಕೈಯಲ್ಲಿ ಸೇದುವ ಪಾತ್ರೆ ಇರಲಿಲ್ಲ. ತಮ್ಮ ಜನ ಒಡನಾಟ ಇಟ್ಟುಕೊಳ್ಳದ ಸಮಾರ್ಯದ ಸ್ತ್ರೀಯನ್ನು ಅವರು ನೀರು ಬೇಡಿದರು. ಆ ಸಂಭಾಷಣೆ ಮೊದಲಾದದ್ದೇ ಒಂದು ಕೊರತೆಯಿಂದ. ಬಿಂದಿಗೆ ಜೊತೆಗಿದ್ದಿದ್ದರೆ?

ಕನಸನ್ನು ನಾನು ಕೈಬಿಟ್ಟಿಲ್ಲ. ತೊಟ್ಟಿ ತುಂಬಿ ಮಿಕ್ಕ ನೀರನ್ನು ಇಂಗುಗುಂಡಿಗೆ ಬಿಡಬೇಕೆಂದಿದ್ದೇನೆ. ಅದು ಯಾರ ಬಾವಿಯಲ್ಲಿ ಏರಬೇಕೆಂಬುದನ್ನು ನಮ್ಮ ಬೇಲಿ ನಿರ್ಧರಿಸಲಾರದು. ಕೈಪಂಪನ್ನು ಎಲ್ಲಿ ಕೂರಿಸಬೇಕೆಂದು ಮೇಸ್ತ್ರಿ ಕೇಳಿದ್ದಾರೆ: ಅಡುಗೆಮನೆಯ ಬದಿಗೋ, ದಣಪೆಯ ಬದಿಗೋ? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?