ಯಂತ್ರದ ‘ಇಲ್ಲ’ ಮತ್ತು ಮನುಷ್ಯನ ಹೊಣೆ

‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎಂಬ ಮಾತನ್ನು ಈಚಿನ ವರ್ಷಗಳಲ್ಲಿ ಕೇಳದ ವಾಚಕರು ಇರಲಾರರು. ಬ್ಯಾಂಕಿನಲ್ಲಿ, ಪಡಿತರ ಅಂಗಡಿಯಲ್ಲಿ, ತಹಶೀಲ್ದಾರರ ಕಚೇರಿಯಲ್ಲಿ, ಮೊಮ್ಮಕ್ಕಳನ್ನು ಶಾಲೆಗೆ ಸೇರಿಸುವಾಗ, ಎಲ್ಲೆಡೆಯೂ ಇದೇ ಉತ್ತರ. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿ ಹೆಸರಿನ ಮುಂದಿಡುವುದು ನಮ್ಮ ಕಡೆಯ ರೂಢಿ. ಇಲ್ಲಿಯ ಅರ್ಜಿಗಳಾದರೋ ಸ್ವಂತ ಹೆಸರು, ತಂದೆಯ ಹೆಸರು, ಆಡನಾಂವ್ ಎಂದು ಮೂರು ಖಾನೆಗಳನ್ನು ತುಂಬಿಸಿ ಕೇಳುತ್ತವೆ. ಒಂದು ಪತ್ರದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಹೆಸರು ಬಿದ್ದು, ನಾನೇ ನಾನೆಂದು ಸಾಧಿಸಲು ತಿಂಗಳುಗಟ್ಟಲೆ ಅಲೆಯುವ ಪ್ರಸಂಗ ಪರಸ್ಥಳದಲ್ಲಿ ನೆಲೆಸಿದ ಕುಟುಂಬಗಳಿಗೆ ಹೊಸದಲ್ಲ.

ಇದನ್ನು ಕಾಲಮಾನದ ಕಿರಿಕಿರಿಯೆಂದು ನಕ್ಕು ಬಿಡುವುದುಂಟು. ಆದರೆ ವಿಚಾರ ಮಾಡಿದರೆ ಇದರೊಳಗೆ ಎರಡು ಗಂಭೀರವಾದ ಪ್ರಶ್ನೆಗಳಿವೆ. ದಾಖಲೆಗೂ ವಸ್ತುಸ್ಥಿತಿಗೂ ವಿರೋಧ ಬಂದಾಗ ಯಾವುದು ಪ್ರಬಲ? ಯಂತ್ರವು ‘ಇಲ್ಲ’ ಎಂದಾಗ ನಿಜವಾಗಿ ‘ಇಲ್ಲ’ ಎಂದವರು ಯಾರು? ಮೊದಲನೆಯದು ಪ್ರಮಾಣವಿಚಾರ, ಎರಡನೆಯದು ಕರ್ತೃತ್ವವಿಚಾರ. ಎರಡನ್ನೂ ನಮ್ಮ ನೆರೆಯಲ್ಲೇ ನಡೆದ ಒಂದು ಸಂಗತಿಯನ್ನಿಟ್ಟುಕೊಂಡು ಪರಿಶೀಲಿಸೋಣ.

ನಾಸಿಕ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಲಾಸಲಗಾಂವ್ ಈರುಳ್ಳಿಯ ಪೇಟೆ. ಏಷ್ಯಾ ಖಂಡದಲ್ಲೇ ದೊಡ್ಡದೆಂದು ಹೆಸರಾದ ಪೇಟೆ. ನಮ್ಮ ವಾಚಕರಲ್ಲಿ ಅನೇಕರ ಅಡುಗೆಮನೆಗೆ ಈರುಳ್ಳಿ ಬಾರದು. ಚಾತುರ್ಮಾಸ್ಯದಲ್ಲಂತೂ ಅದರ ಮಾತೇ ಇಲ್ಲ. ಆದರೆ ಪದಾರ್ಥವು ನಮಗೆ ವರ್ಜ್ಯವಾದ ಮಾತ್ರಕ್ಕೆ ಅದನ್ನು ಬೆಳೆದವನ ಕಷ್ಟವೂ ವರ್ಜ್ಯವಾಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಈರುಳ್ಳಿಯ ಬೆಲೆ ಹೇಗೆ ಕುಸಿಯಿತೆಂದರೆ, ಸೋಲಾಪುರ ಜಿಲ್ಲೆಯ ರೈತರೊಬ್ಬರಿಗೆ 512 ಕಿಲೋ ಮಾರಿದ ಮೇಲೆ ಸಾಗಣೆ, ಹಮಾಲಿ, ತೂಕದ ಖರ್ಚುಗಳನ್ನು ಕಳೆದು ಉಳಿದದ್ದು 2 ರೂಪಾಯಿ 49 ಪೈಸೆ. ಈ ಸುದ್ದಿ ಆಗ ದೇಶವೆಲ್ಲ ಹಬ್ಬಿತು. ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರವು ಫೆಬ್ರವರಿ 1ರಿಂದ ಮಾರ್ಚ್ 31ರವರೆಗೆ ಮಾರಿದ ಈರುಳ್ಳಿಗೆ ಕ್ವಿಂಟಲಿಗೆ 350 ರೂಪಾಯಿಯಂತೆ, ಒಬ್ಬ ರೈತನಿಗೆ 200 ಕ್ವಿಂಟಲಿನ ಮಿತಿಯಲ್ಲಿ, ಸಹಾಯಧನವನ್ನು ಘೋಷಿಸಿತು.

ಸಹಾಯಕ್ಕೆ ನಿಬಂಧನೆಗಳಿದ್ದವು. ಮಾರಾಟದ ರಶೀದಿ ಬೇಕು. ಜೊತೆಗೆ ಸಾತ್‌ಬಾರಾ, ಅಂದರೆ 7/12 ಉತಾರೆಯಲ್ಲಿ, ಈರುಳ್ಳಿ ಬೆಳೆಯ ನೋಂದಣಿ ಇರಬೇಕು. ಈ ನೋಂದಣಿಯನ್ನು 2021ರ ಆಗಸ್ಟ್ 15ರಿಂದ ರಾಜ್ಯಾದ್ಯಂತ ‘ಈ-ಪೀಕ್ ಪಾಹಣಿ’ ಎಂಬ ಮೊಬೈಲ್ ತಂತ್ರಾಂಶದ ಮೂಲಕ ರೈತನೇ ಮಾಡಬೇಕಾಗಿತ್ತು: ಹೊಲದಲ್ಲಿ ನಿಂತು, ಬೆಳೆಯ ಚಿತ್ರ ತೆಗೆದು, ಗಡುವಿನೊಳಗೆ ಕಳುಹಿಸುವುದು. ಸ್ಮಾರ್ಟ್‌ಫೋನ್ ಇಲ್ಲದವರು, ಹೊಲದಲ್ಲಿ ಸಿಗ್ನಲ್ ಸಿಗದವರು, ಗಡುವು ತಪ್ಪಿದವರು ಎಷ್ಟೋ ಜನ. ಅವರ ಉತಾರೆಯಲ್ಲಿ ಈರುಳ್ಳಿ ಇರಲಿಲ್ಲ. ಹೊಲದಲ್ಲಿ ಬೆಳೆದದ್ದುಂಟು, ಪೇಟೆಯಲ್ಲಿ ಹರಾಜಾದದ್ದುಂಟು, ಕೈಯಲ್ಲಿ ರಶೀದಿಯುಂಟು. ಆದರೂ ದಾಖಲೆಯ ಪ್ರಕಾರ ಆ ಬೆಳೆ ಹುಟ್ಟಿಯೇ ಇಲ್ಲ!

ಇಲ್ಲಿ ‘ಪಾಹಣಿ’ ಎಂಬ ಶಬ್ದವನ್ನೇ ಗಮನಿಸಬೇಕು. ಮರಾಠಿಯಲ್ಲಿ ‘ಪಾಹಣೇ’ ಎಂದರೆ ನೋಡುವುದು. ಪಾಹಣಿ ಎಂದರೆ ಕಣ್ಣಾರೆ ಕಂಡು ಮಾಡುವ ತಪಾಸಣೆ. ಅದೇ ಶಬ್ದ ನಮ್ಮ ನಾಡಿಗೆ ಬಂದು ‘ಪಹಣಿ’ಯಾಗಿ, ಕಡೆಗೆ ಜಮೀನಿನ ಪತ್ರಕ್ಕೇ ಹೆಸರಾಗಿ ನಿಂತಿತು. ನೋಟದಿಂದ ಹುಟ್ಟಿದ ಕಾಗದವು ನೋಟದ ಹೆಸರನ್ನೇ ಹೊತ್ತು, ಕೊನೆಗೆ ನೋಟಕ್ಕೇ ಎದುರು ನಿಂತಿತೆಂದರೆ ವಿಪರ್ಯಾಸವಲ್ಲವೇ?

ನಮ್ಮ ಸಿದ್ಧಾಂತದ ಪ್ರಮಾಣಶಾಸ್ತ್ರದಲ್ಲಿ ಉಪಜೀವ್ಯ, ಉಪಜೀವಕ ಎಂಬ ವಿವೇಕವಿದೆ. ಯಾವುದನ್ನು ಆಶ್ರಯಿಸಿ ಇನ್ನೊಂದು ಬದುಕುತ್ತದೆಯೋ ಅದು ಉಪಜೀವ್ಯ. ಆಶ್ರಯಿಸಿ ಬದುಕುವುದು ಉಪಜೀವಕ. ತನಗೆ ಆಶ್ರಯವಾದದ್ದನ್ನು ವಿರೋಧಿಸಿ ಉಪಜೀವಕವು ಪ್ರಮಾಣವಾಗಿ ನಿಲ್ಲಲಾರದು. ಬೆಂಕಿಯು ದ್ರವ್ಯ, ನೀರೂ ದ್ರವ್ಯ, ಆದ್ದರಿಂದ ನೀರಿನಂತೆ ಬೆಂಕಿಯೂ ತಣ್ಣಗಿದೆ ಎಂದು ಯಾರಾದರೂ ಅನುಮಾನ ಹೂಡಿದರೆ, ಒಂದು ಬೆರಳಿನ ಸ್ಪರ್ಶವೇ ಆ ವಾದವನ್ನು ಮುಗಿಸುತ್ತದೆ. ಉತಾರೆಯ ಗತಿಯೂ ಇಷ್ಟೇ. ಅದು ಹೊಲವನ್ನು ಆಶ್ರಯಿಸಿ ಬದುಕುವ ಪತ್ರ. ಹೊಲವು ಉತಾರೆಯನ್ನು ಆಶ್ರಯಿಸಿದ್ದಲ್ಲ. ಪತ್ರದಲ್ಲಿಲ್ಲವೆಂದರೆ ‘ಬರೆದಿಲ್ಲ’ ಎಂದಷ್ಟೇ ಸಿದ್ಧವಾಗುತ್ತದೆ. ‘ಬೆಳೆದಿಲ್ಲ’ ಎಂದು ಸಿದ್ಧವಾಗುವುದಿಲ್ಲ.

ಹೊಲದ ಮಾತು ದೂರದ್ದೆನಿಸಿದರೆ ಮನೆಯದನ್ನೇ ತೆಗೆದುಕೊಳ್ಳೋಣ. ನಮ್ಮಂತಹ ನಿವೃತ್ತರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ಜೀವಂತವಾಗಿದ್ದೇವೆಂಬ ಪ್ರಮಾಣಪತ್ರವನ್ನು ಕೊಡಬೇಕು. 2014ರಲ್ಲಿ ಬಂದ ‘ಜೀವನ್ ಪ್ರಮಾಣ್’ ವ್ಯವಸ್ಥೆ ಇದನ್ನು ಮನೆಯಲ್ಲೇ ಕುಳಿತು ಮಾಡುವಂತೆ ಅನುಕೂಲ ಮಾಡಿದೆ. ಆದರೆ ವಯಸ್ಸಾದವರ ಬೆರಳಿನ ರೇಖೆಗಳು ಸವೆದಿರುತ್ತವೆ. ಯಂತ್ರಕ್ಕೆ ಗುರುತು ಹತ್ತುವುದಿಲ್ಲ. ಎದುರಿಗೆ ಕುಳಿತು ಉಸಿರಾಡುತ್ತಿರುವ ವೃದ್ಧರಿಗೆ ‘ಹೊಂದುತ್ತಿಲ್ಲ’ ಎಂದು ಹೇಳುವಾಗ ಹೇಳುವವರಿಗೂ ಸಂಕೋಚವಾಗುತ್ತದೆ. ಆದರೂ ಹೇಳುತ್ತಾರೆ. ಬೆರಳಚ್ಚಿನ ಹೊಂದಾಣಿಕೆ ತಪ್ಪಿತೆಂಬ ಕಾರಣದಿಂದ ಅರ್ಹರಿಗೆ ಸೌಲಭ್ಯ ತಪ್ಪಬಾರದು, ಗುರುತಿಗೆ ಬದಲಿ ದಾರಿ ಇರಬೇಕು ಎಂಬ ವಿಚಾರ 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು.

ಇನ್ನು ಎರಡನೆಯ ಪ್ರಶ್ನೆ. ಕರ್ತೃವೆಂದರೆ ಕ್ರಿಯೆಯಲ್ಲಿ ಸ್ವತಂತ್ರನಾದವನು, ಕರಣವೆಂದರೆ ಕ್ರಿಯೆಗೆ ಅತ್ಯಂತ ಉಪಕಾರಕವಾದ ಸಾಧನ ಎಂದು ಪಾಣಿನಿಯು ವಿಭಾಗಿಸಿದ್ದಾನೆ. ಆದರೂ ಲೋಕದಲ್ಲಿ ‘ಪಾತ್ರೆ ಬೇಯಿಸುತ್ತದೆ’, ‘ಕಟ್ಟಿಗೆ ಬೇಯಿಸುತ್ತದೆ’ ಎಂದು ಸಾಧನವನ್ನೇ ಕರ್ತೃವನ್ನಾಗಿ ಮಾಡಿ ಆಡುವುದುಂಟು. ಮಹಾಭಾಷ್ಯದಲ್ಲಿ ಪತಂಜಲಿಯು ಇದನ್ನು ಚರ್ಚಿಸಿ, ಹೇಳುವವನ ವಿವಕ್ಷೆಯಿಂದ ಹೀಗಾಗಬಹುದೆಂದು ಸಮಾಧಾನ ಹೇಳುತ್ತಾನೆ. ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎಂಬುದೂ ಇಂತಹ ಪ್ರಯೋಗವೇ. ವ್ಯಾಕರಣಕ್ಕೆ ಇದು ಸಮ್ಮತ, ಧರ್ಮಕ್ಕೆ ಸಮ್ಮತವಲ್ಲ. ಅನ್ನ ಸೀದುಹೋದರೆ ಪಾತ್ರೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

‘ನಾವೇನು ಮಾಡೋಣ, ನಾವು ಅಧೀನರು’ ಎಂದು ಗುಮಾಸ್ತರು ಹೇಳಬಹುದು. ಅದು ಸುಳ್ಳಲ್ಲ. ಆದರೆ ಅಧೀನತೆಯಿಂದ ಹೊಣೆ ಹೋಗುತ್ತದೆಯೇ? ಜೀವನ ಕರ್ತೃತ್ವವು ಭಗವಂತನ ಅಧೀನವೆಂದು ಒಪ್ಪಿಯೂ, ಅದು ಇಲ್ಲವೇ ಇಲ್ಲವೆಂದು ಆಚಾರ್ಯರು ಹೇಳಲಿಲ್ಲ. ಅಧೀನನಾದರೂ ಜೀವನು ಕರ್ತೃವೇ. ಆದ್ದರಿಂದಲೇ ವಿಧಿನಿಷೇಧಗಳು ಅವನಿಗೆ ಅನ್ವಯಿಸುತ್ತವೆ. ಪರಮಾತ್ಮನ ಅಧೀನತೆಯೇ ನಮ್ಮ ಹೊಣೆಯನ್ನು ಕಳೆಯದಿರುವಾಗ, ಒಂದು ಪೆಟ್ಟಿಗೆಯ ಅಧೀನತೆ ಕಳೆದೀತೇ?

ಇದಕ್ಕೊಂದು ಆಕ್ಷೇಪವಿದೆ, ಅದು ಬಲವಾದದ್ದೂ ಹೌದು. ಯಂತ್ರ ಬಂದದ್ದೇ ಮನುಷ್ಯನ ದೋಷವನ್ನು ತಡೆಯಲೆಂದು. ಹಿಂದೆ ತಲಾಠಿಗಳು ಹೊಲಕ್ಕೆ ಹೋಗದೆ ಕಚೇರಿಯಲ್ಲೇ ಕುಳಿತು ಬೆಳೆ ಬರೆಯುತ್ತಾರೆಂಬ ದೂರು ಎಲ್ಲೆಲ್ಲೂ ಇತ್ತು. ರೈತನೇ ನೋಂದಾಯಿಸಲಿ ಎಂಬ ವಿಚಾರದಲ್ಲಿ ನ್ಯಾಯವಿದೆ. ಮತ್ತೆ ಮನುಷ್ಯನ ಕೈಗೆ ಕೊಟ್ಟರೆ ಲಂಚ, ಪಕ್ಷಪಾತಗಳು ಮರಳಿ ಬರುವುದಿಲ್ಲವೇ? ಇದಕ್ಕೆ ನಮ್ಮ ಉತ್ತರ: ಪ್ರತ್ಯಕ್ಷವೆಂದರೆ ಬರಿಯ ನೋಟವಲ್ಲ, ದೋಷರಹಿತವಾದ ನೋಟ. ಕಾಮಾಲೆಯ ಕಣ್ಣು ಹಳದಿಯನ್ನು ಕಂಡರೆ ಕಣ್ಣಿಗೆ ಔಷಧ ಹಾಕಬೇಕು. ಕಣ್ಣನ್ನೇ ಕಟ್ಟುವುದು ಚಿಕಿತ್ಸೆಯಲ್ಲ.

ಈ ಚಿಕಿತ್ಸೆ ಹೇಗಿರಬೇಕೆಂಬುದನ್ನು ನಾವು ಆಯುಷ್ಯವನ್ನು ಸವೆಸಿದ ರೈಲ್ವೆಯ ನಿಯಮಗಳಲ್ಲಿ ಕಾಣಬಹುದು. ಏಕಮಾರ್ಗದ ಟೋಕನ್ ಯಂತ್ರವು ಎರಡು ನಿಲ್ದಾಣಗಳ ನಡುವೆ ಒಂದು ಗಾಡಿ ಇರುವಾಗ ಇನ್ನೊಂದಕ್ಕೆ ಟೋಕನ್ ಕೊಡುವುದಿಲ್ಲ. ಆ ‘ಇಲ್ಲ’ವನ್ನು ಎಂತಹ ಅಧಿಕಾರಿಯೂ ಮೀರುವಂತಿಲ್ಲ, ಸಾವಿರಾರು ಪ್ರಾಣಗಳು ಅದರ ಮೇಲೆ ನಿಂತಿವೆ. ಆದರೆ ಯಂತ್ರವೇ ಕೆಟ್ಟರೆ? ಗಾಡಿ ನಿಂತಲ್ಲೇ ನಿಲ್ಲಲಿ ಎಂದು ನಿಯಮ ಕೈಕಟ್ಟಿ ಕುಳಿತಿಲ್ಲ. ಎರಡೂ ಕಡೆಯ ಸ್ಟೇಷನ್ ಮಾಸ್ತರರು ದೂರವಾಣಿಯಲ್ಲಿ ಮಾತನಾಡಿ, ಗುಪ್ತ ಸಂಖ್ಯೆಗಳನ್ನು ವಿನಿಮಯ ಮಾಡಿಕೊಂಡು, ಮಾರ್ಗ ಖಾಲಿಯಿದೆಯೆಂದು ನಿಶ್ಚಯಿಸಿ, ತಮ್ಮ ಸಹಿಯಿಂದ ಪೇಪರ್ ಲೈನ್ ಕ್ಲಿಯರ್ ಟಿಕೆಟ್ ಕೊಡುತ್ತಾರೆ. ಸ್ವಯಂಚಾಲಿತ ಸಿಗ್ನಲ್ ಕೆಂಪಾಗಿಯೇ ಇದ್ದರೆ ಚಾಲಕನು ಹಗಲಿನಲ್ಲಿ 1 ನಿಮಿಷ, ರಾತ್ರಿಯಲ್ಲಿ 2 ನಿಮಿಷ ಕಾದು, ಮುಂದಿನ ದಾರಿಯನ್ನು ಕಣ್ಣಿಟ್ಟು ನೋಡುತ್ತ ಅತ್ಯಂತ ಎಚ್ಚರಿಕೆಯಿಂದ ಮುಂದುವರಿಯುತ್ತಾನೆ. ಪ್ರಾಣಾಂತಿಕವಾದ ಕೆಲಸದಲ್ಲೇ, ವ್ಯವಸ್ಥೆ ಸೋತಾಗ ಮಾಡಬೇಕಾದದ್ದನ್ನು ವ್ಯವಸ್ಥೆಯೇ ಬರೆದಿಟ್ಟಿದೆ: ಯಾರು ನೋಡಬೇಕು, ಎಷ್ಟು ಹೊತ್ತು ಕಾಯಬೇಕು, ಯಾರು ಸಹಿ ಮಾಡಬೇಕು. ಇಚ್ಛಾನುಸಾರದ ವಿನಾಯಿತಿಗೆ ಇಲ್ಲಿ ಎಡೆಯಿಲ್ಲ. ಹೊಣೆಯಿಂದ ನುಣುಚಿಕೊಳ್ಳುವುದಕ್ಕೂ ಎಡೆಯಿಲ್ಲ.

ಈರುಳ್ಳಿಯ ವಿಷಯದಲ್ಲಿ ಆದದ್ದೂ ಕೊನೆಗೆ ಇದೇ. ಉತಾರೆಯಲ್ಲಿ ನೋಂದಣಿಯಿಲ್ಲದೆಯೂ ಪೇಟೆಯಲ್ಲಿ ಮಾರಿದ ರೈತರ ಸಂಬಂಧವಾಗಿ ತಲಾಠಿ, ಕೃಷಿ ಸಹಾಯಕ, ಗ್ರಾಮಸೇವಕ ಇವರನ್ನೊಳಗೊಂಡ ಗ್ರಾಮಮಟ್ಟದ ಸಮಿತಿ ವಿಚಾರಿಸಿ ವರದಿ ಕೊಡಬೇಕೆಂದು ಸರಕಾರ ವ್ಯವಸ್ಥೆ ಮಾಡಿತು. ಒಬ್ಬನ ಕಣ್ಣಿನ ದೋಷವನ್ನು ಮೂವರು ಸೇರಿ ತಡೆಯಬಹುದು. ಪಾಹಣಿಯು ಮತ್ತೆ ಪಾಹಣಿಯಾಯಿತು. ಖೇದದ ಸಂಗತಿಯೆಂದರೆ, ಈ ಬಾಗಿಲು ರೈತರು ಕೂಗಿಕೊಂಡ ಮೇಲೆ ತೆರೆಯಿತು. ಮನೆ ಕಟ್ಟುವಾಗಲೇ ಇಟ್ಟಿದ್ದಲ್ಲ. ಸಾಲದ ಕಂತು ಕಾಯುತ್ತಿರುವವನಿಗೆ ತಡವಾಗಿ ಬಂದ ನ್ಯಾಯ ಅರ್ಧ ನ್ಯಾಯವೇ ಸರಿ.

ಈ ಮಾತುಗಳನ್ನು ಈ ಪತ್ರಿಕೆಯಲ್ಲಿ ಬರೆಯಲು ಕಾರಣವುಂಟು. ನಮ್ಮ ಸಮಾಜದ ಮನೆಮನೆಯಲ್ಲೂ ಮಗನೋ ಮಗಳೋ ಸೊಸೆಯೋ ಅಳಿಯನೋ ತಂತ್ರಾಂಶ ಬರೆಯುವವರಿದ್ದಾರೆ. ಬ್ಯಾಂಕು, ವಿಮೆ, ಸರಕಾರಿ ಕಚೇರಿಗಳಲ್ಲಿ ಕುಳಿತವರಿದ್ದಾರೆ. ಮೈಲುಗಟ್ಟಲೆ ದೂರದ ರೈತನಿಗೆ ‘ಇಲ್ಲ’ ಎನ್ನುವ ಪರದೆಯನ್ನು ರಚಿಸುವ ಕೈ ನಮ್ಮ ಮನೆಯದೇ ಆಗಿರಬಹುದು. ಅವರಲ್ಲಿ ಹಿರಿಯರಾಗಿ ನಮ್ಮ ವಿಜ್ಞಾಪನೆ ಇಷ್ಟು. ಖಾನೆಗಳನ್ನು ರಚಿಸುವಾಗ, ಖಾನೆಗೆ ಹೊಂದದ ಸತ್ಯವೂ ಲೋಕದಲ್ಲಿ ಇರುತ್ತದೆಂದು ನೆನಪಿಟ್ಟು ಅದಕ್ಕೊಂದು ದಾರಿಯನ್ನು ಮೊದಲೇ ಇಡಿ. ಆ ದಾರಿಯ ಕೊನೆಯಲ್ಲಿ ಹೆಸರುಳ್ಳ ಒಬ್ಬ ಮನುಷ್ಯ ಇರಲಿ, ಅವನಿಗೊಂದು ಗಡುವಿರಲಿ. ಮೇಜಿನ ಹಿಂದೆ ಕುಳಿತವರು ‘ಸಿಸ್ಟಮ್ ಒಪ್ಪುತ್ತಿಲ್ಲ’ ಎಂದು ಹೇಳುವ ಮೊದಲು ಎದುರಿಗೆ ನಿಂತವರನ್ನೊಮ್ಮೆ ನೋಡಲಿ. ತಮ್ಮಿಂದಾಗದಿದ್ದರೆ ಯಾರಿಂದ ಆಗುವುದೆಂದಾದರೂ ತಿಳಿಸಲಿ. ಸಾಲಿನಲ್ಲಿ ನಿಂತ ನಾವಾದರೂ ಅವರ ಮೇಲೆ ಕೂಗಾಡದೆ, ‘ಇದನ್ನು ನಿರ್ಧರಿಸುವವರು ಯಾರು?’ ಎಂದು ಶಾಂತವಾಗಿ ಕೇಳುವುದನ್ನು ಕಲಿಯೋಣ.

ಕೊಡಲಿಯನ್ನು ಯಾರೂ ದೂರುವುದು ಬೇಡ. ಹಿಡಿದ ಕೈ ಮಾತ್ರ ತಾನು ಹಿಡಿದದ್ದನ್ನು ಮರೆಯದಿರಲಿ.