ಹಗೇವಿನ ದೀಪ ಮತ್ತು ಪ್ರಾಣಲಿಂಗ

ಪ್ರಾಣವು ದೇಹದ ಸ್ವಂತ ಸ್ವತ್ತೇ, ಇಲ್ಲವೇ ಕ್ಷಣಕ್ಷಣಕ್ಕೂ ಹೊರಗಿನಿಂದ ಒದಗಿಬರುವ ಪ್ರಸಾದವೇ ಎಂಬ ಪ್ರಶ್ನೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೆಲದಲ್ಲಿ ನಿಂತು ಕೇಳಿದರೆ, 12ನೆಯ ಶತಮಾನದ ಶರಣರ ಷಟ್‌ಸ್ಥಲ ತತ್ತ್ವವೂ ಬಿಳಿಜೋಳ ತುಂಬಿಡುತ್ತಿದ್ದ ಹಗೇವೂ ಒಟ್ಟಿಗೇ ನೆನಪಾಗುತ್ತವೆ.

ಹಗೇವು ಎಂದರೆ ಒಳಗೆ ಅಗಲವಾಗಿ, ಬಾಯಿ ಮಾತ್ರ ಕಿರಿದಾಗಿ ತೋಡಿದ ನೆಲದೊಳಗಿನ ಕಣಜ. ಸುತ್ತ ಹೊಟ್ಟು ಹಾಸಿ, ಕಾಳು ಸುರಿದು, ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮೆತ್ತಿದ ಮೇಲೆ ಒಳಗಿನ ಕಾಳೂ ಹುಳವೂ ಉಸಿರಾಡುತ್ತ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತವೆ. ಹುಳ ಸಾಯುತ್ತದೆ, ಜೋಳ ಉಳಿಯುತ್ತದೆ. ಕಾಳನ್ನು ಕಾಯ್ದ ಆ ಗಾಳಿಯೇ ಒಳಗಿಳಿದವನ ಜೀವ ತೆಗೆಯಬಲ್ಲದಾದ್ದರಿಂದ, ಹಗೇವಿನ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದಿದ್ದರಷ್ಟೇ ಇಳಿಯುವುದು ರೂಢಿಯಾಗಿತ್ತು. ಹೊರಗಿನ ಗಾಳಿಯಲ್ಲಿ ಸುಮಾರು ಶೇ 21ರಷ್ಟಿರುವ ಆಮ್ಲಜನಕ ಶೇ 16ರ ಸಮೀಪಕ್ಕೆ ಇಳಿದಾಗ ದೀಪ ಆರುತ್ತದೆ. ಮನುಷ್ಯನ ಉಸಿರು ಅಷ್ಟರಲ್ಲಿ ಇನ್ನೂ ನಿಂತಿರುವುದಿಲ್ಲ. ಅವನನ್ನು ಉಳಿಸುವುದು ಆ ಕಿರಿದಾದ ಅಂತರವೇ.

ದೀಪಕ್ಕೂ ಜೀವಕ್ಕೂ ಬೇಕಾದದ್ದು ಒಂದೇ ಎಂಬುದನ್ನು ಫ್ರಾನ್ಸಿನ ಲವಾಸಿಯೇ ಮತ್ತು ಲಾಪ್ಲಾಸ್ 1780ರ ದಶಕದಲ್ಲಿ, ಸಣ್ಣ ಪ್ರಾಣಿಯೊಂದರ ಮೈಶಾಖಕ್ಕೆ ಕರಗಿದ ಮಂಜುಗಡ್ಡೆಯನ್ನು ಅಳೆದು ತೋರಿಸಿದರು. ಉಂಡ ಅನ್ನವನ್ನು ಒಡೆದು ಶಕ್ತಿಯಾಗಿಯೂ ಮೈಯಾಗಿಯೂ ಮಾರ್ಪಡಿಸುವ ಜೀವಕ್ರಿಯೆಗೆ ಚಯಾಪಚಯ ಎಂದು ಹೆಸರು. ಗ್ಲೂಕೋಸಿನ ಒಂದು ಅಣುವಿನಿಂದ, ಶಕ್ತಿಯನ್ನು ಹೊತ್ತು ಹಂಚುವ ಎಟಿಪಿ ಎಂಬ ಅಣುಗಳು ಆಮ್ಲಜನಕವಿಲ್ಲದೆ ಎರಡೇ ದೊರೆತರೆ, ಆಮ್ಲಜನಕವಿದ್ದಾಗ ಸುಮಾರು ಮೂವತ್ತು ದೊರೆಯುತ್ತವೆ. ಕೊನೆಗೆ ಆ ಆಮ್ಲಜನಕ ಜೀವಕೋಶದೊಳಗೆ ನೀರಾಗುತ್ತದೆ. ಎಲೆಯೂ ಅದನ್ನು ನೀರನ್ನು ಒಡೆದೇ ಹೊರಬಿಟ್ಟಿರುತ್ತದೆ ಎಂಬುದನ್ನು ನೆನೆದರೆ ಉಸಿರು ಎಷ್ಟು ದೊಡ್ಡ ಕೊಡುಕೊಳೆಯ ಒಂದು ತುಣುಕು ಎಂಬುದು ಅರಿವಾಗುತ್ತದೆ.

ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿಯ ಈ ಸೀಮೆಯಲ್ಲಿ ಇಂದಿಗೂ ಬಳಕೆಯಲ್ಲಿರುವ ಷಟ್‌ಸ್ಥಲ, ಅಂದರೆ ಭಕ್ತನಿಂದ ಐಕ್ಯನವರೆಗಿನ ಆರು ಮೆಟ್ಟಿಲುಗಳ ಸಾಧನೆಯಲ್ಲಿ, ಮೂರನೆಯ ಪ್ರಸಾದಿಸ್ಥಲಕ್ಕೆ ಅಗ್ನಿಯನ್ನೂ ನಾಲ್ಕನೆಯ ಪ್ರಾಣಲಿಂಗಿಸ್ಥಲಕ್ಕೆ ವಾಯುವನ್ನೂ ಹೊಂದಿಸಲಾಗಿದೆ. ಶರಣರಿಗೆ ಆಮ್ಲಜನಕ ತಿಳಿದಿತ್ತೆಂದು ಇದರಿಂದ ಸಾಧಿಸಹೊರಡುವುದು ಅವರಿಗೆ ಗೌರವ ತರುವ ಮಾತಲ್ಲ. ಅವರ ಪ್ರಶ್ನೆಯೇ ಬೇರೆಯಾಗಿತ್ತು. ಅನ್ನವನ್ನು ಪ್ರಸಾದವೆಂದು ಕೊಂಡವನು ಮುಂದಿನ ಮೆಟ್ಟಿಲಲ್ಲಿ ತನ್ನ ಉಸಿರನ್ನೂ ತನ್ನದೆನ್ನಲಾರನು, ಪ್ರಾಣವೇ ಲಿಂಗವಾದ ಮೇಲೆ ನನ್ನದೆನ್ನುವುದಕ್ಕೆ ಎಡೆಯಿಲ್ಲ ಎಂಬುದು ಆ ಕ್ರಮದ ತಿರುಳು. ಪ್ರಾಣಲಿಂಗಿಸ್ಥಲಕ್ಕೆ ಹೇಳಿರುವ ಲಿಂಗ ಜಂಗಮಲಿಂಗ, ಅಂದರೆ ಚಲಿಸುವುದು, ಒಂದೆಡೆ ನಿಲ್ಲದ್ದು. ಮುಚ್ಚಿಟ್ಟ ಗಾಳಿ ಏನಾಗುತ್ತದೆಂಬುದನ್ನು ಹಗೇವು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಪ್ರಾಣವೆಂದರೆ ಆಮ್ಲಜನಕವೇ ಎಂದುಬಿಡುವಂತಿಲ್ಲ. ಅಂಗಳದಲ್ಲಿ ಜೋಳದ ಕಣಿಕೆ ಮೆಲ್ಲುವ ಎತ್ತಿನ ಮೊದಲ ಹೊಟ್ಟೆಯಲ್ಲಿ ಆಮ್ಲಜನಕವೇ ವಿಷವಾಗಿರುವ ಸೂಕ್ಷ್ಮಜೀವಿಗಳು ಲೆಕ್ಕವಿಲ್ಲದಷ್ಟು ಬಾಳುತ್ತವೆ. ಅವಿಲ್ಲದೆ ಎತ್ತಿಗೆ ಕಣಿಕೆಯ ನಾರು ಅರಗದು, ಎತ್ತು ಉಸಿರಾಡದೆ ಅವಕ್ಕೆ ಆ ಬೆಚ್ಚನೆಯ ಕತ್ತಲ ಮನೆಯೂ ಉಳಿಯದು.