ಎಚ್ಚರಿಕೆ ಹೇಳಿದರೆ ಸಾಕೆ?

ಅಪಾಯವುಳ್ಳ ವಸ್ತುವೊಂದನ್ನು ಮಾಡಿ ಹತ್ತು ಜನರ ಕೈಗೆ ಕೊಟ್ಟವನು, ‘ಇದರಲ್ಲಿ ಅಪಾಯವಿದೆ, ನೋಡಿಕೊಂಡು ಬಳಸಿ’ ಎಂದು ಒಂದು ಮಾತು ಹೇಳಿಬಿಟ್ಟರೆ ಅವನ ಹೊಣೆ ತೀರಿತೆ? ತೀರಿತು ಎನ್ನುವವರೇ ಲೋಕದಲ್ಲಿ ಹೆಚ್ಚು. ಲಾಂಡ್ರಿಯ ರಸೀತಿಯ ಹಿಂಬದಿಯನ್ನು ನೋಡಿ; ಔಷಧದ ಪೆಟ್ಟಿಗೆಯೊಳಗೆ ಎಂಟು ಮಡಿಕೆಯಾಗಿ ಕೂತಿರುವ ಕಾಗದವನ್ನು ನೋಡಿ. ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಎಲ್ಲವನ್ನೂ ಹೇಳಿ ಮುಗಿಸಿರುತ್ತಾರೆ. ನಷ್ಟವಾದ ಮೇಲೆ ಹೋಗಿ ಕೇಳಿದರೆ ‘ಬರೆದಿತ್ತಲ್ಲ ಸ್ವಾಮಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ಅದನ್ನು ಕೇಳಿಸಿಕೊಂಡು ಮನೆಗೆ ಹಿಂದಿರುಗುವವನಿಗೆ ನ್ಯಾಯ ಸಿಕ್ಕಿತೆಂದು ಅನ್ನಿಸುವುದೂ ಇಲ್ಲ.

ಇಂಥ ಪ್ರಶ್ನೆಯನ್ನು ಕಾರ್ಖಾನೆ, ಅಣೆಕಟ್ಟುಗಳಂಥ ದೊಡ್ಡ ಉದಾಹರಣೆಗಳನ್ನಿಟ್ಟುಕೊಂಡು ಚರ್ಚಿಸುವುದು ವಾಡಿಕೆ. ಅಲ್ಲಿ ಹಣ, ಕೋರ್ಟು, ರಾಜಕೀಯ ಎಲ್ಲ ಕಲೆತು ಪ್ರಶ್ನೆಯ ಮುಖವೇ ಮಸುಕಾಗುತ್ತದೆ. ಆದ್ದರಿಂದ ನಾನು ಬಹು ಚಿಕ್ಕದೊಂದು ಉದಾಹರಣೆಯನ್ನು ಎತ್ತಿಕೊಳ್ಳುತ್ತೇನೆ. ಅದರಲ್ಲಿ ಲಾಭದ ಮಾತಿಲ್ಲ. ಮಾಡಿದವರು ಯಾರಿಗೂ ಮಾರಿದವರಲ್ಲ. ಬಳಸಿದವರು ಕಾಸು ಕೊಟ್ಟವರಲ್ಲ. ಪ್ರಶ್ನೆ ಬರಿಯ ಧರ್ಮದ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಪ್ರೋಗ್ರಾಮು ಬರೆಯುವ ಕಸುಬಿನಲ್ಲಿ ನಾನು ಬಹಳ ವರ್ಷ ಇದ್ದವನು. ಅದೆಲ್ಲ ಗಹನವಾದ ಗಣಿತವೆಂದು ಹೊರಗಿನವರ ನಂಬಿಕೆ. ನಿಜ ಹೇಳಬೇಕೆಂದರೆ ಅದರಲ್ಲಿ ಹೆಚ್ಚು ಪಾಲು ಗುಮಾಸ್ತಿಕೆ. ಫೈಲನ್ನು ಇಲ್ಲಿಂದ ಅಲ್ಲಿಗೆ ಸಾಗಿಸುವುದು, ಅದನ್ನಿಡಲು ಫೋಲ್ಡರು ಇಲ್ಲದಿದ್ದರೆ ಮಾಡುವುದು, ಹಳೆಯದನ್ನು ಅಳಿಸುವುದು, ನೂರು ಫೈಲುಗಳನ್ನು ಸೇರಿಸಿ ಒಂದು ಗಂಟು ಕಟ್ಟುವುದು, ಬಂದ ಗಂಟನ್ನು ಬಿಚ್ಚಿ ಒಳಗಿನದನ್ನು ಜೋಡಿಸುವುದು. ಈ ಕೆಲಸಗಳಿಗೆ ಹತ್ತೋ ಇಪ್ಪತ್ತೋ ಸಾಲಿನ ಚಿಕ್ಕ ಚಿಕ್ಕ ಫಂಕ್ಷನ್ನುಗಳಿರುತ್ತವೆ. ಅವನ್ನು ಬರೆದವನಿಗೆ ಯಾರೂ ಶಾಲು ಹೊದಿಸುವುದಿಲ್ಲ. ಆದರೂ ಅವಿಲ್ಲದೆ ಒಂದು ದಿನವೂ ನಡೆಯದು. (ಫೈಲಿಗೆ ನಾವು ‘ಕಡತ’ ಎನ್ನುತ್ತೇವೆ. ಹಿಂದೆ ಕಡತವೆಂದರೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಮಡಿಸಿಟ್ಟ ಕಪ್ಪು ಬಟ್ಟೆ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರಸಿ ಮತ್ತೆ ಬರೆಯುವುದು. ಕಂಪ್ಯೂಟರಿನ ಫೈಲಿಗೆ ಈ ಹೆಸರು ಎಷ್ಟು ಒಪ್ಪುತ್ತದೆಂದು ಇಟ್ಟವರಿಗೂ ಹೊಳೆದಿರಲಾರದು.)

ಗಂಟು ಕಟ್ಟುವ ಪದ್ಧತಿಗಳಲ್ಲಿ ಹಿರಿಯದು ‘ಟಾರ್’. 1979ರಲ್ಲಿ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಅದು ಕಾಣಿಸಿಕೊಂಡಿತು. ಹೆಸರೇ ಹೇಳುವಂತೆ ಟೇಪಿನ ಸುರುಳಿಯ ಮೇಲೆ ಫೈಲುಗಳನ್ನು ಸಾಲಾಗಿ ತುಂಬಿಡುವುದಕ್ಕೆ ಆದದ್ದು. ವಿಧಾನ ಸರಳ. ಪ್ರತಿ ಫೈಲಿನ ಮುಂದೆ 512 ಬೈಟುಗಳ ಒಂದು ಚೀಟಿ. ಆ ಚೀಟಿಯ ಮೊದಲ 100 ಬೈಟು ಫೈಲಿನ ಹೆಸರಿಗೆ. ಅನಂತರ ಯಜಮಾನ ಯಾರು, ಗಾತ್ರವೆಷ್ಟು, ತಾರೀಖು ಯಾವುದು ಎಂಬ ವಿವರ. ಆಮೇಲೆ ಫೈಲಿನ ಒಡಲು. ಬಿಚ್ಚುವ ಫಂಕ್ಷನ್ನು ಚೀಟಿಯನ್ನು ಓದುತ್ತದೆ, ಹೆಸರು ಎಲ್ಲಿ ಇಡು ಎನ್ನುತ್ತದೋ ಅಲ್ಲಿ ಒಡಲನ್ನು ಇಡುತ್ತದೆ, ಮುಂದಿನ ಚೀಟಿಗೆ ಹೋಗುತ್ತದೆ. ಹಳೆಯ ಕಚೇರಿಗಳಲ್ಲಿ ರುಮಾಲು ಬಿಚ್ಚಿ ದಾಖಲೆಗಳನ್ನು ಬೀರುವಿಗೆ ಸೇರಿಸುತ್ತಿದ್ದ ಜವಾನನ ಕೆಲಸವೇ ಇದು. ಅವನು ಚೀಟಿ ನೋಡಿ ಇಡುತ್ತಿದ್ದ; ಚೀಟಿ ಬರೆದವರು ಯಾರೆಂದು ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಏಕೆಂದರೆ ಕಟ್ಟಿದವರೂ ಬಿಚ್ಚುವವರೂ ಒಂದೇ ಕಚೇರಿಯವರು.

ಕಂಪ್ಯೂಟರಿನಲ್ಲಿ ‘ಎರಡು ಚುಕ್ಕೆ’ ಎಂಬುದಕ್ಕೆ ‘ಇದಕ್ಕಿಂತ ಒಂದು ಮೆಟ್ಟಲು ಮೇಲಿನ ಫೋಲ್ಡರು’ ಎಂದು ಅರ್ಥ. ಚೀಟಿಯಲ್ಲಿ ಹೆಸರಿನ ಮುಂದೆ ಯಾರೋ ಎರಡು ಚುಕ್ಕೆಗಳನ್ನು ನಾಲ್ಕು ಬಾರಿ ಬರೆದರೆಂದುಕೊಳ್ಳಿ. ‘ಈ ಮೂಲೆಯಲ್ಲಿ ಬಿಚ್ಚು’ ಎಂದು ನಾನು ಜಾಗ ತೋರಿಸಿದ್ದರೂ ಜವಾನ ನಾಲ್ಕು ಮೆಟ್ಟಲು ಹತ್ತಿ, ಮನೆಯ ಕಬ್ಬಿಣದ ಪೆಟ್ಟಿಗೆಯಿರುವ ಕೋಣೆಗೆ ಹೋಗಿ, ಅಲ್ಲಿದ್ದ ಪತ್ರವನ್ನು ತೆಗೆದು ಅದರ ಜಾಗದಲ್ಲಿ ತಾನು ತಂದದ್ದನ್ನು ಇಡುತ್ತಾನೆ. ಯಂತ್ರ ಬೆಳಗ್ಗೆ ಎದ್ದಾಗ ಮೊದಲು ಓದುವ ಫೈಲನ್ನೇ ಹೀಗೆ ಬದಲಾಯಿಸಿದರೆ, ಅಂದಿನಿಂದ ಯಂತ್ರ ನನ್ನದಲ್ಲ. ಟೇಪಿನ ಕಾಲದಲ್ಲಿ ಇದು ಬರಿಯ ಕುತೂಹಲದ ಸಂಗತಿ. ಗಂಟುಗಳು ಅಪರಿಚಿತರಿಂದ ತಂತಿಯ ಮೂಲಕ ಬರತೊಡಗಿದ ಮೇಲೆ ಅದು ಕುತೂಹಲವಾಗಿ ಉಳಿಯಲಿಲ್ಲ.

ಈಗ ನನ್ನ ಉದಾಹರಣೆಗೆ ಬರುತ್ತೇನೆ. ಪೈಥಾನ್ ಎಂಬ ಭಾಷೆಯನ್ನು ಇಂದು ಕಾಲೇಜಿನ ಹುಡುಗರೂ ಬಲ್ಲರು. ಟಾರ್ ಗಂಟು ಬಿಚ್ಚುವ ಫಂಕ್ಷನ್ನುಗಳು ಅದಕ್ಕೆ 2003ರಲ್ಲಿ ಸೇರಿದವು. 2007ರ ಆಗಸ್ಟಿನಲ್ಲಿ ಈ ಎರಡು ಚುಕ್ಕೆಯ ದೋಷವನ್ನು ಯಾರೋ ತೋರಿಸಿಕೊಟ್ಟರು. ಅದಕ್ಕೆ ದೋಷಗಳ ಪಟ್ಟಿಯಲ್ಲಿ ಒಂದು ಅಂಕೆಯೂ ದೊರೆಯಿತು. ನೋಡಿಕೊಳ್ಳುತ್ತಿದ್ದವರು ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು: ಫಂಕ್ಷನ್ನು ಮಾಡುತ್ತಿರುವುದು ನಿಯಮಕ್ಕೆ ಅನುಗುಣವಾಗಿಯೇ ಇದೆ, ಟಾರ್ ಎಂದರೆ ಹೀಗೆಯೇ, ಆದ್ದರಿಂದ ಅದನ್ನು ಬದಲಾಯಿಸುವುದು ಬೇಡ, ನಂಬಿಕೆಯಿಲ್ಲದ ಕಡೆಯಿಂದ ಬಂದ ಗಂಟನ್ನು ಪರೀಕ್ಷಿಸದೆ ಬಿಚ್ಚಬಾರದೆಂದು ಕೈಪಿಡಿಯಲ್ಲಿ ಎಚ್ಚರಿಕೆ ಬರೆಯೋಣ.

ಅವರು ಸೋಮಾರಿಗಳಲ್ಲ, ದುಷ್ಟರಂತೂ ಅಲ್ಲ. ತಮ್ಮ ಬಿಡುವಿನ ವೇಳೆಯನ್ನು ಲೋಕಕ್ಕೆ ಕೊಟ್ಟವರು. ಅವರ ವಾದದಲ್ಲಿ ತೂಕವೂ ಇತ್ತು. ತನ್ನದೇ ಹಳೆಯ ಗಂಟನ್ನು ಇದ್ದದ್ದು ಇದ್ದಲ್ಲಿಗೇ ಬಿಚ್ಚಬೇಕಾದವನಿಗೆ ಈ ‘ದೋಷ’ವೇ ಗುಣ. ಅವನು ವರ್ಷಗಟ್ಟಲೆ ನೆಚ್ಚಿಕೊಂಡ ನಡವಳಿಕೆಯನ್ನು ಒಂದು ದಿನ ಸದ್ದಿಲ್ಲದೆ ಕಿತ್ತುಕೊಳ್ಳುವುದು ಧರ್ಮವೆ?

ಹೀಗೆ 15 ವರ್ಷ ಕಳೆಯಿತು. 2022ರಲ್ಲಿ ಟ್ರೆಲಿಕ್ಸ್ ಎಂಬ ಸಂಸ್ಥೆಯ ಸಂಶೋಧಕರು ಬೇರೇನನ್ನೋ ಹುಡುಕುತ್ತ ಇದಕ್ಕೆ ಎಡವಿದರು. ಹೊಸ ದೋಷ ಸಿಕ್ಕಿತೆಂದು ಮೊದಲು ಭಾವಿಸಿದರಂತೆ. ನೋಡಿದರೆ 2007ರ ಅಂಕೆ ಹೊತ್ತ ಹಳೆಯದೇ. ಎಲ್ಲರಿಗೂ ತೆರೆದಿರುವ ಪ್ರೋಗ್ರಾಮುಗಳಲ್ಲಿ ಸುಮಾರು 3,50,000ದಲ್ಲಿ ಇದು ಹರಡಿಕೊಂಡಿದೆಯೆಂದು ಅವರ ಅಂದಾಜು. ಅಂದಾಜಿನಲ್ಲಿ ಅರ್ಧ ತಪ್ಪಿದೆಯೆಂದೇ ಇಟ್ಟುಕೊಳ್ಳಿ. ಉಳಿದ ಅರ್ಧವೂ, ಎಚ್ಚರಿಕೆಯ ಮಾತು ಕಣ್ಣೆದುರಿಗೆ ಇದ್ದಾಗಲೇ ಬರೆದದ್ದು.

ನನ್ನ ಅಕ್ಕನ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಇದೇ ಕೆಲಸದಲ್ಲಿದ್ದಾನೆ. ಈ ಮಾತು ಬಂದಾಗ ಅವನು ನನ್ನಷ್ಟು ಮರುಗಲಿಲ್ಲ. “ಮಾವ, ಕೈಪಿಡಿ ಓದದೆ ಬರೆದರೆ ಅದು ಬರೆದವರ ತಪ್ಪು. ಬೆಂಕಿಪೊಟ್ಟಣ ಮಾಡಿದವನನ್ನು ನೀವು ಬಯ್ಯುತ್ತೀರಾ?” ಎಂದ.

“ಓದಿದವನು ಏನು ಮಾಡಬೇಕಿತ್ತು, ಹೇಳು” ಎಂದೆ.

“ಬಿಚ್ಚುವುದಕ್ಕೆ ಮುಂಚೆ ಹೆಸರುಗಳನ್ನು ನೋಡಬೇಕು. ನಾವು ಹೇಳಿದ ಫೋಲ್ಡರಿನ ಒಳಗೇ ಬೀಳುತ್ತದೆಯೇ ಎಂದು ಪರೀಕ್ಷಿಸಬೇಕು. ಎರಡು ಸಾಲಿನ ಕೆಲಸ.”

ಆ ಎರಡು ಸಾಲನ್ನು ಅವನ ಕೈಯಿಂದಲೇ ಬರೆಸಿದೆ. ಹೆಸರಿನ ಆರಂಭ ನಮ್ಮ ಫೋಲ್ಡರಿನ ಹೆಸರೇ ಆಗಿದೆಯೇ ಎಂದು ಅವನು ಹೋಲಿಸಿದ. ಎಲ್ಲರೂ ಮೊದಲು ಬರೆಯುವುದು ಅದನ್ನೇ. ನಮ್ಮ ಫೋಲ್ಡರು ‘ರಾಮ’ ಎಂದಿದ್ದು ಪಕ್ಕದವನದು ‘ರಾಮಯ್ಯ’ ಎಂದಿದ್ದರೆ? ರಾಮಯ್ಯನೂ ‘ರಾಮ’ ಎಂದೇ ಆರಂಭವಾಗುವುದರಿಂದ ಪರೀಕ್ಷೆಯಲ್ಲಿ ಪಾಸಾಗುತ್ತಾನೆ. ಹುಡುಗ ನಕ್ಕು ಅದನ್ನು ತಿದ್ದಿದ. ಆದರೆ ತೊಡಕು ಅಲ್ಲಿಗೇ ಮುಗಿಯುವುದಿಲ್ಲ. ಟಾರ್ ಗಂಟಿನಲ್ಲಿ ಫೈಲಿನ ಬದಲು ಒಂದು ಕೈಮರವನ್ನೂ ಇಡಬಹುದು. ‘ಈ ಹೆಸರಿನವನು ಇಲ್ಲಿಲ್ಲ, ಅಲ್ಲಿಗೆ ಹೋಗಿ’ ಎಂದು ಬೇರೆ ಜಾಗ ತೋರಿಸುವಂಥದು. ಮೊದಲ ಚೀಟಿ ‘ಚಿತ್ರಗಳು’ ಎಂಬ ಕೈಮರವನ್ನು ನೆಡುತ್ತದೆ. ಅದು ತೋರಿಸುವುದು ಕಬ್ಬಿಣದ ಪೆಟ್ಟಿಗೆಯ ಕೋಣೆಯನ್ನು. ಎರಡನೆಯ ಚೀಟಿಯ ಹೆಸರು ‘ಚಿತ್ರಗಳ ಒಳಗೆ ಇಡು’ ಎನ್ನುತ್ತದೆ. ಅದರಲ್ಲಿ ಚುಕ್ಕೆಯಿಲ್ಲ, ಮೋಸದ ಗುರುತೇ ಇಲ್ಲ. ಹೆಸರುಗಳನ್ನು ಎಷ್ಟು ಶ್ರದ್ಧೆಯಿಂದ ನೋಡಿದವನೂ ಇಲ್ಲಿ ಕೆಡುತ್ತಾನೆ. ಹುಡುಗ ಸುಮ್ಮನಾದ.

‘ಪರೀಕ್ಷಿಸಿ ಬಿಚ್ಚಿ’ ಎಂಬ ಎಚ್ಚರಿಕೆಯಲ್ಲಿ ನನಗೆ ಕಾಣುವ ಅನ್ಯಾಯ ಇದು. ಹೇಗೆ ಪರೀಕ್ಷಿಸಬೇಕೆಂದು ಜಗತ್ತಿನಲ್ಲಿ ಚೆನ್ನಾಗಿ ಬಲ್ಲವರು ಆ ಫಂಕ್ಷನ್ನನ್ನು ಬರೆದವರೇ. ಚೀಟಿಯ ಒಂದೊಂದು ಬೈಟೂ ಅವರಿಗೆ ಗೊತ್ತು, ಕೈಮರಗಳ ಚೇಷ್ಟೆ ಗೊತ್ತು. ಬಲ್ಲವನು ತಾನು ಮಾಡದೆ, ಅರಿಯದವನಿಗೆ ‘ನೀನು ಮಾಡಿಕೋ’ ಎಂದರೆ ಅದು ಎಚ್ಚರಿಕೆಯ ವೇಷದಲ್ಲಿ ಹೊಣೆಯ ವರ್ಗಾವಣೆ. ಒಬ್ಬ ಬಲ್ಲವನು ಒಮ್ಮೆ ಕೂತು ಮಾಡಬಹುದಾದ ಕೆಲಸವನ್ನು ಲಕ್ಷ ಜನ ಅರೆಬರೆಯಾಗಿ ಲಕ್ಷ ಸಲ ಮಾಡಬೇಕಾಯಿತು. ಹೆಚ್ಚಿನವರು ಮಾಡಲೇ ಇಲ್ಲ. ಊರ ಬಾವಿಗೆ ಕಟ್ಟೆ ಕಟ್ಟದೆ ‘ಕತ್ತಲೆಯಲ್ಲಿ ಬರಬೇಡಿ’ ಎಂದು ಹಲಗೆ ನೆಟ್ಟಂತೆ. ಬೆಂಕಿಪೊಟ್ಟಣದ ಮಾತು ಇಲ್ಲಿ ಸಲ್ಲದು. ಕಡ್ಡಿ ಗೀರಿದವನಿಗೆ ಬೆಂಕಿ ಬೇಕಾಗಿತ್ತು. ಗಂಟು ಬಿಚ್ಚಿದವನು ಯಾವನೂ ತನ್ನ ಪೆಟ್ಟಿಗೆಯ ಪತ್ರ ಬದಲಾಗಲೆಂದು ಬಿಚ್ಚಲಿಲ್ಲ.

ಹಾಗೆಂದು ಎಲ್ಲ ಉಪಕರಣಗಳೂ ಹೆಜ್ಜೆಹೆಜ್ಜೆಗೆ ಅಡ್ಡ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ‘ಅಳಿಸಲೆ? ಖಂಡಿತವೆ?’ ಎಂದು ಪ್ರತಿಯೊಂದಕ್ಕೂ ಕೇಳುವ ಯಂತ್ರ ನಮಗೆಲ್ಲ ಪರಿಚಿತ. ಮೂರನೆಯ ದಿನಕ್ಕೆ ಬೆರಳು ತಾನಾಗಿ ‘ಹೌದು’ ಒತ್ತುತ್ತದೆ, ಕೇಳಿದ್ದೇನೆಂದು ಕಣ್ಣು ಓದುವುದೇ ಇಲ್ಲ. ಅತಿ ಕಾವಲು ಬೆಳೆದವರನ್ನು ಮಕ್ಕಳಂತೆ ಕಾಣುವುದೂ ಹೌದು. ಆದರೆ ಇವೆರಡರ ನಡುವೆ ಒಂದು ದಾರಿಯಿದೆ, ಅದು ಹೊಸದೂ ಅಲ್ಲ. ಲಿನಕ್ಸಿನಲ್ಲಿ ಫೈಲು ಅಳಿಸುವ ಗ್ನೂ ಅಪ್ಪಣೆಗೆ ‘ಬುಡದಿಂದ ತುದಿಯವರೆಗೆ ಎಲ್ಲವನ್ನೂ ಅಳಿಸು’ ಎಂದರೆ ಅದು ಒಪ್ಪುವುದಿಲ್ಲ. ಅದೇ ಬೇಕೆನ್ನುವವನು ಉದ್ದನೆಯ ಇನ್ನೊಂದು ಮಾತನ್ನು ಬೆರಳಚ್ಚಿಸಿ ತನ್ನ ಇಚ್ಛೆಯನ್ನು ಬಾಯಿಬಿಟ್ಟು ಹೇಳಬೇಕು. ಗ್ನೂ ಟಾರ್ ಕೂಡ ಹೀಗೆಯೇ: ಹೆಸರಿನ ಆರಂಭದ ಓರೆಗೆರೆಯನ್ನು ತಾನೇ ತೆಗೆದುಹಾಕಿ, ತೆಗೆದೆನೆಂದು ಒಂದು ಸಾಲಿನಲ್ಲಿ ತಿಳಿಸುತ್ತದೆ. ಪೈಥಾನಿನದೇ ಜಿಪ್ ಬಿಚ್ಚುವ ಫಂಕ್ಷನ್ನು 2013ರಿಂದಲೇ ಎರಡು ಚುಕ್ಕೆಗಳನ್ನು ಕಿತ್ತುಹಾಕುತ್ತಿತ್ತು. ಒಂದೇ ಮನೆ, ಎರಡು ಬಾಗಿಲು. ಒಂದಕ್ಕೆ ಅಗುಳಿ, ಇನ್ನೊಂದಕ್ಕೆ ಎಚ್ಚರಿಕೆಯ ಚೀಟಿ.

ಏನನ್ನೂ ಹೇಳದವನಿಗೆ ಏನು ಸಿಗುತ್ತದೆ ಎಂಬುದರಲ್ಲಿಯೇ ಉಪಕರಣ ಮಾಡಿದವನ ಮನಸ್ಸು ತಿಳಿಯುವುದು. ಏನನ್ನೂ ಹೇಳದವನು ಹೊಸಬ, ಅವಸರದಲ್ಲಿರುವವನು, ಕೈಪಿಡಿಯ ಇಂಗ್ಲಿಷು ಪೂರ್ತಿ ತಿಳಿಯದವನು. ಬಲ್ಲವನಿಗೆ ಬಾಯಿದೆ, ಅವನು ಕೇಳಿ ಪಡೆಯಬಲ್ಲ.

ಕೊನೆಗೆ ಪೈಥಾನ್ ಬಳಗವೂ ಇದಕ್ಕೇ ಬಂದಿತು. 2023ರಲ್ಲಿ ಒಂದು ಸೋಸಣಿಗೆಯನ್ನು ಸೇರಿಸಿದರು. ಚುಕ್ಕೆಗಳೂ ಕೈಮರಗಳೂ ಗೊತ್ತಾದ ಫೋಲ್ಡರಿನಾಚೆ ಕಾಲಿಡದಂತೆ ಅದು ತಡೆಯುತ್ತದೆ. ಆದರೆ ಅದನ್ನು ಕೇಳಿದವರಿಗೆ ಮಾತ್ರ. ಹಳೆಯ ನಡವಳಿಕೆಯನ್ನು ನೆಚ್ಚಿದವರಿಗೆ ನೋಟೀಸು ಕೊಟ್ಟು ಎರಡು ವರ್ಷ ಕಾದು, 2025ರ ಅಕ್ಟೋಬರಿನಲ್ಲಿ ಬಂದ 3.14ನೆಯ ಆವೃತ್ತಿಯಲ್ಲಿ ಕೇಳದವರಿಗೂ ಅದೇ ಸಿಗುವಂತೆ ಮಾಡಿದರು. ಸೋಸಣಿಗೆ ಬೇಡವೆನ್ನುವವನು ಈಗ ಹಾಗೆಂದು ಬರೆಯಬೇಕು. ನೆಚ್ಚಿದವರಿಗೆ ಆ ಎರಡು ವರ್ಷ ಸಲ್ಲಬೇಕಾದ್ದೇ. ಅದಕ್ಕೆ ಹಿಂದಿನ 16 ವರ್ಷಗಳ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಕೆಲವರ ಅನುಕೂಲ ಕೆಡಬಾರದೆಂದು ಬಹುಮಂದಿಯನ್ನು ಅವರಿಗೇ ತಿಳಿಯದ ಅಪಾಯದಲ್ಲಿಟ್ಟ ಕಾಲ ಅದು. ಅವರು ತಿಳಿದುಕೊಳ್ಳಬಹುದಿತ್ತು ಎಂಬುದು ಸಮಾಧಾನವಲ್ಲ.

ಸೋಸಣಿಗೆಯೂ ಎಲ್ಲವನ್ನೂ ತಡೆಯುವುದಿಲ್ಲ. ಬಹಳ ಕಾಲದಿಂದ ತಿರುಗಾಡುತ್ತಿರುವ ಜಿಪ್ ಗಂಟೊಂದಿದೆ. ಗಾತ್ರ ಬರಿಯ 42 ಕಿಲೋಬೈಟು. ಗಂಟಿನೊಳಗೆ ಗಂಟು, ಅದರೊಳಗೆ ಇನ್ನಷ್ಟು ಗಂಟು. ಎಲ್ಲವನ್ನೂ ಬಿಚ್ಚುತ್ತ ಹೋದರೆ ಸುಮಾರು 45 ಲಕ್ಷ ಗಿಗಾಬೈಟು ಜಾಗ ಬೇಕು. ಟಾರನ್ನು ಒತ್ತಿ ಚಿಕ್ಕದು ಮಾಡಿದಾಗಲೂ ಇಂಥ ಕುಚೇಷ್ಟೆ ಸಾಧ್ಯ. ಇದಕ್ಕೆ ಪೈಥಾನಿನ ಕೈಪಿಡಿಯಲ್ಲಿ ಇಂದಿಗೂ ಇರುವುದು ಎಚ್ಚರಿಕೆಯ ಮಾತೇ. ಇಲ್ಲಿ ನನಗೆ ತಕರಾರಿಲ್ಲ. ಎಷ್ಟು ದೊಡ್ಡದಾದರೆ ಅತಿಯಾಯಿತೆಂದು ಫಂಕ್ಷನ್ನು ಬರೆದವನಿಗೆ ಹೇಗೆ ತಿಳಿಯಬೇಕು? ದೂರದರ್ಶಕದ ಚಿತ್ರಗಳನ್ನು ತುಂಬಿಕೊಳ್ಳುವ ವಿಜ್ಞಾನಿಗೆ ಸಾವಿರ ಗಿಗಾಬೈಟೂ ಸಹಜ. ಅಂಗಡಿಯ ಬಿಲ್ಲುಗಳನ್ನು ಇಡುವವನಿಗೆ ಹತ್ತೂ ಹೆಚ್ಚು. ತಿಳಿಯದ್ದನ್ನು ಬಳಸುವವನಿಗೇ ಬಿಟ್ಟು, ಬಿಟ್ಟೆನೆಂದು ಹೇಳುವುದು ಪ್ರಾಮಾಣಿಕತೆ.

ನನ್ನ ಅಕ್ಕನ ಮಗನಿಗೆ ತನ್ನ ಆಫೀಸಿಗೆ ಬರುವ ಗಂಟುಗಳು ಎಷ್ಟು ದೊಡ್ಡವೆಂದು ಗೊತ್ತು. ಅಲ್ಲಿ ನಲವತ್ತು ಜನ ಬಳಸುವ ತನ್ನ ಫಂಕ್ಷನ್ನಿನಲ್ಲಿ ಎರಡು ಗಿಗಾಬೈಟಿನ ಮಿತಿ ಹಾಕಿದ್ದಾನೆ. ಹೆಚ್ಚು ಬೇಕಾದವರು ಎಷ್ಟೆಂದು ಬರೆದು ಕೇಳಬೇಕು. ಇದುವರೆಗೆ ಇಬ್ಬರು ಕೇಳಿದ್ದಾರಂತೆ.